ಅರ್ಧಕ್ಕೆ ನಿಂತ ಕೈ

ತಲೆಗೆ ಬಣ್ಣ ಹಚ್ಚಿಸಿಕೊಳ್ಳುತ್ತ ಕುಳಿತವರು ಕನ್ನಡಿ ನೋಡುತ್ತ ಏನೇನೋ ಹೇಳಿಬಿಡುತ್ತಾರೆ. ಎದುರಿಗೆ ಕಾಣುವುದು ತಮ್ಮದೇ ಮುಖವಾದ್ದರಿಂದ ತಮ್ಮೊಂದಿಗೆ ತಾವೇ ಮಾತಾಡುತ್ತಿದ್ದೇವೆ ಅನ್ನಿಸುತ್ತದೋ ಏನೋ. ಬಡಾವಣೆಯ ಸಂಘದ ಕಾರ್ಯದರ್ಶಿಯಮ್ಮನೂ ಆ ಮಧ್ಯಾಹ್ನ ಹಾಗೇ ಹೇಳಿಬಿಟ್ಟರು.

“ನಿನ್ನ ತಮ್ಮನಂಥವರು ಈ ಕಾಲದಲ್ಲಿ ಸಿಗಲ್ಲ ಕಣಮ್ಮ. ಎಷ್ಟು ನೇರ. ನಾವೇ ಬಾಯಿಬಿಟ್ಟು ಹೇಳಿದ್ವಿ, ನಿಮ್ಮ ಅಕ್ಕನ ಮಗಳ ಪಾಠಗಳಿಗೆ ಆ ಪೆಟ್ಟಿಗೇಲಿ ಒಂದಿಷ್ಟು ಜಾಗ ಕಾಯಂ ಇಟ್ಟುಬಿಡಿ ಅಂತ. ಅವರೇ ಬೇಡ ಅಂದ್ರು.”

ಪಾರ್ಲರಿನವಳ ಕೈಯಲ್ಲಿದ್ದ ಬ್ರಷ್ಷು ಕಾರ್ಯದರ್ಶಿಯಮ್ಮನ ಬೈತಲೆಯ ಮೇಲೆ ನಿಂತಿತು.

“ಯಾರು ಬೇಡ ಅಂದಿದ್ದು?”

“ನಿನ್ನ ತಮ್ಮನೇ. ಸ್ವಂತ ಅಕ್ಕನ ಮಗಳಿಗೆ ಅನುಕೂಲ ಮಾಡಿಕೊಂಡ ಅಂತ ನಾಳೆ ಯಾರೂ ಬೆರಳು ತೋರಿಸಬಾರದು, ಎಲ್ಲರಿಗೂ ಒಂದೇ ನಿಯಮ ಇರಲಿ ಅಂದ್ರು. ನನಗಂತೂ ಹೆಮ್ಮೆ ಆಯ್ತು. ಯಾಕಮ್ಮ, ಕೈ ನಿಲ್ಲಿಸಿಬಿಟ್ಟೆ?”

ಪಾರ್ಲರಿನವಳು ಬ್ರಷ್ಷನ್ನು ಬಟ್ಟಲಿನಲ್ಲಿಟ್ಟು, ಬಾಗಿಲ ಬಳಿ ಇದ್ದ ಚಪ್ಪಲಿ ಮೆಟ್ಟಿಕೊಂಡು, ಹಾಗೇ ಬೀದಿಗಿಳಿದಳು. ಅರ್ಧ ತಲೆಗೆ ಬಣ್ಣ ಮೆತ್ತಿಸಿಕೊಂಡಿದ್ದ ಕಾರ್ಯದರ್ಶಿಯಮ್ಮ “ಏ ಅಮ್ಮ, ನನ್ನ ತಲೆ” ಎಂದು ಕೂಗಿದ್ದು ಅವಳಿಗೆ ಕೇಳಿಸಲೇ ಇಲ್ಲ.

ಆ ಪೆಟ್ಟಿಗೆಯ ಸಂಗತಿ ಇಷ್ಟು. ಊರಿನವರು ನೋಡುವ ಸಿನಿಮಾ, ಧಾರಾವಾಹಿ, ಆಟ, ಪಾಠ ಎಲ್ಲ ತುಂಬಿಟ್ಟ ದೊಡ್ಡ ಉಗ್ರಾಣ ದೂರದ ನಗರದಲ್ಲಿತ್ತು. ಅಲ್ಲಿಂದ ಊರಿಗೆ ಬರುವ ಕೇಬಲ್ ಒಂದೇ. ಸಂಜೆ ಎಲ್ಲರೂ ಕೆಲಸ ಮುಗಿಸಿ ಬಂದು ತಮತಮಗೆ ಬೇಕಾದ್ದನ್ನು ಒಟ್ಟಿಗೆ ಕೇಳತೊಡಗಿದರೆ, ಶಾಲೆ ಬಿಟ್ಟ ಮಕ್ಕಳೆಲ್ಲ ಒಂದೇ ಬಾಗಿಲಲ್ಲಿ ನುಗ್ಗಿದ ಹಾಗೆ ಆ ಕೇಬಲ್ಲಿನಲ್ಲಿ ನೂಕುನುಗ್ಗಲು. ಅದಕ್ಕೆ ಪರಿಹಾರವಾಗಿ ಒಂದೊಂದು ಬಡಾವಣೆಯ ಸಂಘದ ಕಟ್ಟಡದಲ್ಲೂ ಒಂದೊಂದು ಪೆಟ್ಟಿಗೆ ಇಡುವ ಜಾಲವನ್ನು ಅವಳ ತಮ್ಮ ರೂಪಿಸಿದ್ದ. ಆ ಬಡಾವಣೆಯ ಜನ ಹೆಚ್ಚು ನೋಡುವುದು ಪೆಟ್ಟಿಗೆಯಲ್ಲೇ ಉಳಿಯುತ್ತದೆ, ಪಕ್ಕದ ಮನೆಯಿಂದ ತಂದಷ್ಟು ಸಲೀಸಾಗಿ ಟೀವಿಗೆ ಬರುತ್ತದೆ. ಯಾರೂ ಹೆಚ್ಚು ನೋಡದ್ದು ಜಾಗ ಖಾಲಿ ಮಾಡಬೇಕು. ಬೇಕಾದವರು ಅದನ್ನು ಮತ್ತೆ ಕೇಬಲ್ಲಿನ ನೂಕುನುಗ್ಗಲಿನಲ್ಲೇ ತರಿಸಿಕೊಳ್ಳಬೇಕು. ಪೆಟ್ಟಿಗೆಗಳಿಗೆ ಹೊಸದನ್ನು ತುಂಬುವುದೂ ಅದೇ ಕೇಬಲ್ಲಿನಲ್ಲಿ, ದಾರಿ ಮೊದಲು ಅವಕ್ಕೇ.

ಊರಿಗೆ ಊರೇ ಖುಷಿಪಟ್ಟಿತು. ಚಕ್ರ ತಿರುಗುತ್ತ ನಿಲ್ಲುತ್ತಿದ್ದ ಸಿನಿಮಾಗಳು ನೀರಿನಂತೆ ಹರಿಯತೊಡಗಿದವು. ತಮ್ಮನನ್ನು ಜನ ದಾರಿಯಲ್ಲಿ ನಿಲ್ಲಿಸಿ ಕೈಕುಲುಕಿದರು.

ನಿಂತುಹೋದದ್ದು ಅವಳ ಮಗಳ ಪಾಠ ಮಾತ್ರ. ಮನೆಯಲ್ಲಿ ಎಲ್ಲರೂ ಗಿರಗಿಟ್ಲೆ ಎಂದು ಕರೆಯುವ ಆ ಹುಡುಗಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಕೈ ಮಾತ್ರ ಒಂದು ಗಳಿಗೆ ಸುಮ್ಮನಿರದು, ಅದಕ್ಕೇ ಆ ಹೆಸರು. ಊರಿನಲ್ಲಿದ್ದ ವಿಶೇಷ ಶಾಲೆ ಮುಚ್ಚಿದ ಮೇಲೆ ಎಲ್ಲರ ಜೊತೆ ಮಾಮೂಲಿ ಶಾಲೆಗೆ ಹೋಗಿ, ಗೋಡೆ ಕಡೆಯ ಬೆಂಚಿನಲ್ಲಿ ಕುಳಿತು, ಬೋರ್ಡಿನ ಮೇಲಿದ್ದದ್ದನ್ನು ಬರೆದುಕೊಂಡು ಬರುತ್ತಿದ್ದಳು. ಅದು ಅರ್ಥವಾಗುತ್ತಿದ್ದದ್ದು ಸಂಜೆ, ಹಳೆಯ ಶಾಲೆಯ ಮೇಷ್ಟ್ರು ಸನ್ನೆ ಭಾಷೆಯಲ್ಲಿ ಮಾಡಿಟ್ಟ ವಿಡಿಯೋ ಪಾಠಗಳಿಂದ. ಆ ಮೇಷ್ಟ್ರಿಗೂ ಕಿವಿ ಕೇಳಿಸದು. ಅವರ ಪಾಠ ನೋಡುವ ಮಕ್ಕಳು ಇಡೀ ಊರಲ್ಲಿ ಬೆರಳೆಣಿಕೆಯಷ್ಟು, ಒಂದೊಂದು ಬಡಾವಣೆಗೆ ಒಬ್ಬರೋ ಇಬ್ಬರೋ. ಹಾಗಾಗಿ ಯಾವ ಪೆಟ್ಟಿಗೆಯಲ್ಲೂ ಅವಕ್ಕೆ ಜಾಗ ಸಿಗಲಿಲ್ಲ. ಫೋನಿಗೆ ಇಳಿಸಿಟ್ಟುಕೊಳ್ಳಲು ಉಗ್ರಾಣ ನಡೆಸುವ ಕಂಪನಿಯ ಆ್ಯಪ್ ಬಿಡುತ್ತಿರಲಿಲ್ಲ.

ಬೇರೆಯವರಿಗೆ ಚಿತ್ರ ಮಸುಕಾದರೂ ಮಾತು ಕಿವಿಗೆ ಬೀಳುತ್ತದೆ. ಅವಳಿಗೆ ಚಿತ್ರವೇ ಮಾತು. ಮಸುಕಾದರೆ ಮೇಷ್ಟ್ರ ಬೆರಳುಗಳು ಒಂದಕ್ಕೊಂದು ಅಂಟಿ ಹಿಟ್ಟಿನ ಮುದ್ದೆಯಂತೆ ಕಾಣುತ್ತಿದ್ದವು. ಚಿತ್ರ ಹಾರಿದರೆ ವಾಕ್ಯವೇ ಹಾರಿಹೋಗುತ್ತಿತ್ತು. ಬೆಳಗಿನ ಜಾವ ಕೇಬಲ್ ಖಾಲಿ ಇರುತ್ತದೆಂದು ಯಾರೋ ಹೇಳಿದರು. ಬೇಕರಿಯಲ್ಲಿ ಕೆಲಸ ಮಾಡುವ ಅವಳ ಅಪ್ಪ ಕತ್ತಲಿರುವಾಗಲೇ ಏಳುವವನು, ಮಗಳನ್ನೂ ಎಬ್ಬಿಸಿ ಕೂರಿಸಿ ಹೋಗತೊಡಗಿದ. ಕೆಲವು ವಾರ ನಡೆಯಿತು. ಆಮೇಲೆ ಅವಳು ತರಗತಿಯಲ್ಲಿ ಬೆಂಚಿನ ಮೇಲೆ ತಲೆಯಿಟ್ಟು ನಿದ್ದೆ ಹೋಗುತ್ತಾಳೆಂದು ಶಾಲೆಯಿಂದ ದೂರು ಬಂತು.

“ಯಂತ್ರದ ಲೆಕ್ಕ ಅಕ್ಕ, ನನ್ನ ಕೈಲಿ ಏನೂ ಇಲ್ಲ” ಎಂದು ತಮ್ಮ ಹೇಳಿದ್ದ. ಅವಳು ನಂಬಿದ್ದಳು. ಯಂತ್ರದ ಮೇಲೆ ಯಾರು ಎಷ್ಟು ದಿನ ಸಿಟ್ಟು ಮಾಡಿಕೊಂಡಾರು.

ಹಿಂದಿನ ವಾರ ವಿಜ್ಞಾನದ ಪರೀಕ್ಷೆಯ ಉತ್ತರ ಪತ್ರಿಕೆ ಬಂದಿತ್ತು. ಆಮ್ಲದ ಸಾಂದ್ರತೆ ತಗ್ಗಿಸುವಾಗ ಏನು ಎಚ್ಚರ ವಹಿಸಬೇಕು ಎಂಬ ಪ್ರಶ್ನೆಗೆ ಗಿರಗಿಟ್ಲೆ ದುಂಡಗಿನ ಅಕ್ಷರದಲ್ಲಿ, ‘ಆಮ್ಲದ ಪಾತ್ರೆಗೆ ನೀರು ಸುರಿಯಬೇಕು’ ಎಂದು ಬರೆದಿದ್ದಳು. ಪಕ್ಕದಲ್ಲಿ ಟೀಚರು ಕೆಂಪು ಶಾಯಿಯಲ್ಲಿ, ‘ಕೈ ಸುಟ್ಟುಕೊಳ್ಳುತ್ತೀಯ’ ಎಂದು ಗೀಚಿದ್ದರು. ತಾಯಿ ಅದೇ ಪಾಠವನ್ನು ಹಾಕಿಸಿ ನೋಡಿದಳು. ಸನ್ನೆ ಭಾಷೆಯಲ್ಲೂ ನಮ್ಮ ಮಾತಿನ ಹಾಗೆ ‘ಬಾರದು’, ‘ಇಲ್ಲ’ ಬರುವುದು ಕೊನೆಗೆ. ಮೇಷ್ಟ್ರು ಆಮ್ಲ ತೋರಿಸಿದರು, ನೀರು ತೋರಿಸಿದರು, ಸುರಿಯುವ ಕೈ ಎತ್ತಿದರು. ಅಲ್ಲಿಗೆ ಚಿತ್ರ ನಿಂತಿತು. ಚಕ್ರ ತಿರುಗಿ ತಿರುಗಿ ಮತ್ತೆ ಹೊರಟಾಗ ಅವರು ಪಾತ್ರೆ ತೊಳೆಯುವ ವಿಷಯಕ್ಕೆ ಬಂದುಬಿಟ್ಟಿದ್ದರು. ‘ಬಾರದು’ ಎಂಬ ಸನ್ನೆ ದಾರಿಯಲ್ಲೆಲ್ಲೋ ಬಿದ್ದುಹೋಗಿತ್ತು.

ಮಗಳ ಕೈಗಳನ್ನು ಹಿಡಿದುಕೊಂಡು ಅವತ್ತು ತಾಯಿ ಬಹಳ ಹೊತ್ತು ಕುಳಿತಿದ್ದಳು. ಹುಡುಗಿಗಿರುವ ನಾಲಿಗೆ ಆ ಕೈಗಳೇ.

ಈಗ ಬಣ್ಣ ಮೆತ್ತಿದ ಕೈಗವಸಿನಲ್ಲೇ ಅವಳು ತಮ್ಮನ ಆಫೀಸಿನ ಮೆಟ್ಟಿಲು ಹತ್ತಿದಳು. ಬಾಗಿಲು ತೆರೆದರೆ ಮೈ ಕೊರೆಯುವ ತಂಪು, ಜೇನುಗೂಡಿನಂಥ ಗುಂಯ್ ಸದ್ದು, ಹಸಿರು ದೀಪ ಮಿಣಕಿಸುವ ಯಂತ್ರಗಳ ಸಾಲು. ಗೋಡೆಯ ಬಿಳಿ ಬೋರ್ಡಿನ ತುಂಬ ವೃತ್ತಗಳು, ಅವುಗಳನ್ನು ಜೋಡಿಸುವ ಗೆರೆಗಳು. ತಮ್ಮ ಗುಂಗುರು ಕೂದಲು ಕೆದರಿಕೊಂಡು ಕಂಪ್ಯೂಟರಿನ ಮುಂದೆ ಕುಳಿತಿದ್ದ. ಪಕ್ಕದ ಮೇಜಿನಲ್ಲಿ ಇನ್ನೊಬ್ಬಳು ಇಂಜಿನಿಯರು.

“ಅಕ್ಕಾ, ಏನಿದು ಇದ್ದಕ್ಕಿದ್ದ ಹಾಗೆ? ಕೂತ್ಕೋ.”

“ಕೂರೋಕೆ ಬಂದಿಲ್ಲ. ಪಾಠಗಳಿಗೆ ಜಾಗ ಕೊಡ್ತೀವಿ ಅಂತ ಸಂಘದವರು ಅಂದ್ರಾ, ಇಲ್ವಾ?”

ತಮ್ಮ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡ.

“ಅಂದ್ರು.”

“ಬೇಡ ಅಂದವರು ಯಾರು?”

“ನಾನೇ. ಸ್ವಲ್ಪ ಸಮಾಧಾನವಾಗಿ ಕೇಳು. ಮೊದಲ ಪೆಟ್ಟಿಗೆ ನಿಮ್ಮ ಬಡಾವಣೇಲಿ ಇಟ್ಟಾಗಲೇ ಒಂದಿಬ್ಬರು ಆಡಿಕೊಂಡ್ರು, ಅಕ್ಕನ ಮನೆ ಹತ್ರಾನೇ ಇಟ್ಟ ನೋಡಿ ಅಂತ. ಇನ್ನು ಅಕ್ಕನ ಮಗಳಿಗೆ ಜಾಗ ಬೇರೆ ಕೊಟ್ಟೆ ಅಂದ್ರೆ? ನಾಳೆ ಹಾಡಿನ ಗುಂಪಿನವರು ಬರ್ತಾರೆ, ವ್ಯಾಯಾಮದವರು ಬರ್ತಾರೆ, ನಮಗೂ ಕೊಡು ಅಂತಾರೆ. ಅದಕ್ಕೇ ಒಂದೇ ನಿಯಮ. ಪೆಟ್ಟಿಗೆಗೆ ಯಾರ ಮುಖಾನೂ ಗೊತ್ತಿಲ್ಲ, ಎಷ್ಟು ಜನ ನೋಡಿದ್ರು ಅನ್ನೋದಷ್ಟೇ ಗೊತ್ತು.”

“ಪೆಟ್ಟಿಗೆಗೆ ಮುಖ ಗೊತ್ತಿಲ್ಲ, ಸರಿ. ನಿನಗೆ ಗೊತ್ತಿತ್ತಲ್ಲೋ.”

“ಅಕ್ಕಾ, ನಾಲ್ಕು ಜನ ನೋಡೋ ವಿಡಿಯೋಗೆ—”

“ನಾಲ್ಕು ಜನ ಅನ್ನಬೇಡ. ಅದರಲ್ಲಿ ಒಬ್ಬಳು ನಿನ್ನ ಹೆಗಲ ಮೇಲೆ ಬೆಳೆದವಳು. ನಮ್ಮ ಮನೇಲಿ ಕೂತು, ನಾನು ಮಾಡಿಕೊಟ್ಟ ಟೀ ಕುಡ್ಕೊಂಡು, ಅವಳು ಆ ಚಕ್ರ ತಿರುಗೋದನ್ನೇ ನೋಡ್ತಾ ಕೂತಿರೋದನ್ನ ಕಣ್ಣಾರೆ ನೋಡಿದೆ. ನೋಡಿ, ಯಂತ್ರದ ಲೆಕ್ಕ ಅಂದೆ. ಎಲ್ಲರಿಗೂ ಒಂದೇ ನಿಯಮ ಅಂತೀಯಲ್ಲ, ನನ್ನ ಹತ್ರ ಹೇಳಿದ ಆ ಸುಳ್ಳು ಯಾವ ನಿಯಮದಲ್ಲಿತ್ತು?”

ತಮ್ಮ ಮತ್ತೆ ಕನ್ನಡಕ ಒರೆಸತೊಡಗಿದ. ಪಕ್ಕದ ಮೇಜಿನವಳು ಕಂಪ್ಯೂಟರಿನೊಳಗೇ ಹೊಕ್ಕುಬಿಡುವವಳಂತೆ ಮುಂದಕ್ಕೆ ಬಾಗಿದಳು. ಅಕ್ಕ ಕೈಗವಸು ಕಿತ್ತು ಅವನ ಕಸದ ಬುಟ್ಟಿಗೆ ಎಸೆದು ಹೊರಟಳು. ಅವನು ಹಿಂದೆ ಬರುತ್ತಾನೇನೋ ಎಂದು ಮೆಟ್ಟಿಲ ತಿರುವಿನಲ್ಲಿ ಒಂದು ಕ್ಷಣ ನಿಂತಳು. ಬರಲಿಲ್ಲ. ಸಿಟ್ಟು ಇನ್ನೊಂದು ಮೊಳ ಏರಿತು.

ಅಂಗಡಿಗೆ ಮರಳುವಷ್ಟರಲ್ಲಿ ಕಾರ್ಯದರ್ಶಿಯಮ್ಮನ ಅರ್ಧ ತಲೆ ಇದ್ದಿಲಿನಂತೆ ಕಪ್ಪಗಾಗಿತ್ತು. ಇನ್ನರ್ಧವನ್ನೂ ಅದಕ್ಕೇ ಸರಿಹೊಂದಿಸದೆ ಬೇರೆ ದಾರಿ ಇರಲಿಲ್ಲ.

“ನಾನು ಬಾಯಿ ಬಿಡಬಾರದಿತ್ತು” ಎಂದರು ಅವರು, ತಲೆ ತೊಳೆಸಿಕೊಳ್ಳುತ್ತ. “ಆದರೆ ನಿನ್ನ ಸಿಟ್ಟನ್ನ ನನ್ನ ತಲೆ ಮೇಲೆ ತೀರಿಸ್ಕೋಬೇಡ. ಭಾನುವಾರ ಸಂಘದ ಸಭೆ ಇದೆ. ನಿನ್ನ ತಮ್ಮನೂ ಬರ್ತಾರೆ, ಜಾಲ ಹೇಗಿದೆ ಅಂತ ತೋರಿಸೋಕೆ. ಅಲ್ಲಿ ಬಂದು ಹೇಳು.”

ಮನೆಗೆ ಬಂದ ಗಂಡನಿಗೆ ಎಲ್ಲ ಹೇಳಿದಳು. ಅವನು ತೋಳಿಗಂಟಿದ್ದ ಹಿಟ್ಟು ಉಜ್ಜಿಕೊಳ್ಳುತ್ತ, “ಹೋಗಲಿ ಬಿಡು, ಅವನೇನು ಕೆಟ್ಟವನಲ್ಲ” ಎಂದ.

“ಕೆಟ್ಟವನಾಗಿದ್ರೆ ನಾಲ್ಕು ಬೈದು ಸುಮ್ಮನಾಗ್ತಿದ್ದೆ. ಒಳ್ಳೆಯವನು ಅನ್ನಿಸ್ಕೊಳ್ಳೋಕೆ ಹೀಗೆ ಮಾಡಿದ್ದಾನಲ್ಲ, ಅದಕ್ಕೇ ಮೈ ಉರಿಯೋದು. ಅವನ ಒಳ್ಳೆ ಹೆಸರಿನ ಖರ್ಚು ನನ್ನ ಮಗಳ ತಲೆ ಮೇಲೆ.”

ಬಾಗಿಲ ಬಳಿ ನಿಂತು ಇಬ್ಬರ ಮುಖವನ್ನೂ ಓದುತ್ತಿದ್ದ ಗಿರಗಿಟ್ಲೆ ಏನೆಂದು ಕೇಳಿದಳು. ತಾಯಿ ಮುಚ್ಚಿಡಲಿಲ್ಲ, ಕೈಯಲ್ಲಿ ಎಲ್ಲ ಹೇಳಿದಳು. ಹುಡುಗಿ ತಲೆಯ ಪಕ್ಕದಲ್ಲಿ ಬೆರಳನ್ನು ಸುರುಳಿ ಸುತ್ತಿದಳು. ಗುಂಗುರು ಕೂದಲಿನ ಮಾಮನಿಗೆ ಅವಳಿಟ್ಟ ಹೆಸರು ಅದು.

‘ಮಾಮನಿಗೆ ಗೊತ್ತಿತ್ತಾ?’

‘ಗೊತ್ತಿತ್ತು.’

‘ನನ್ನ ಪಾಠ ಅಂತ ಗೊತ್ತಿದ್ದೂ?’

ತಾಯಿ ಹೌದೆಂದು ತಲೆಯಾಡಿಸಿದಳು.

ಸಂಜೆ ತಮ್ಮ ಬಂದ. ಅಕ್ಕನ ಮುಖ ನೋಡುವ ಧೈರ್ಯವಿಲ್ಲದೆ ನೇರ ಹುಡುಗಿಯ ಮುಂದೆ ಹೋಗಿ ನಿಂತು ಕೈಯೆತ್ತಿದ. ಅವಳಿಗೆ ಮೊದಲ ಸನ್ನೆಗಳನ್ನು ಕಲಿಸಿದವನು ಅವನೇ. ಅವನ ಕೈ ಅರ್ಧ ಮೇಲೇಳುತ್ತಿದ್ದಂತೆ ಅವಳು ಕಣ್ಣು ಮುಚ್ಚಿಕೊಂಡಳು. ಕಿವಿ ಮುಚ್ಚಿಕೊಂಡವರಿಗೂ ಒಂದಿಷ್ಟು ಮಾತು ಒಳಗೆ ಇಳಿಯುತ್ತದೆ, ಅವಳು ಕಣ್ಣು ಮುಚ್ಚಿದರೆ ಬಾಗಿಲು ಹಾಕಿ ಅಗುಳಿ ಜಡಿದಂತೆ. ಅವನು ಭುಜ ಮುಟ್ಟಿದ. ಕಣ್ಣು ತೆರೆಯದೆಯೇ ಕೊಡವಿಕೊಂಡಳು. ಹೇಳಬೇಕೆಂದಿದ್ದ ಕ್ಷಮೆ ಕೈಯಲ್ಲೇ ಉಳಿದು, ಅವನು ಹೊರಟುಹೋದ.

ಭಾನುವಾರ ಸಂಘದ ಸಭಾಂಗಣದಲ್ಲಿ ಕುರ್ಚಿಗಳೆಲ್ಲ ತುಂಬಿದ್ದವು. ತಮ್ಮ ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಜಾಲದ ಚಿತ್ರ ಬಿಟ್ಟು, ಎಷ್ಟು ವಿಡಿಯೋ ಈಗ ನಿಲ್ಲದೆ ಬರುತ್ತಿದೆ, ಕೇಬಲ್ಲಿನ ಮೇಲೆ ಭಾರ ಎಷ್ಟು ಇಳಿದಿದೆ ಎಂದು ವಿವರಿಸಿದ. ಧ್ವನಿಯಲ್ಲಿ ಕಸುವಿರಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಕಾರ್ಯದರ್ಶಿಯಮ್ಮ, ಇದ್ದಿಲ ತಲೆಯ ಮೇಲೆ ಸ್ಕಾರ್ಫು ಬಿಗಿದುಕೊಂಡು, “ಪಾರ್ಲರಿನವರು ಒಂದು ಮಾತು ಹೇಳಬೇಕಂತೆ” ಎಂದರು.

ಅವಳು ಎದ್ದಳು. ಮೂರು ದಿನದಿಂದ ಬಾಚಣಿಗೆ ಹಿಡಿದಾಗಲೂ ಪಾತ್ರೆ ತೊಳೆಯುವಾಗಲೂ ಮನಸ್ಸಿನಲ್ಲೇ ಮಸೆದಿಟ್ಟುಕೊಂಡ ಮಾತುಗಳಿದ್ದವು, ಒಂದಕ್ಕಿಂತ ಒಂದು ಹರಿತ. ಬಾಯಿ ತೆರೆಯುವ ಮೊದಲೇ ಮಗಳು ಅವಳ ತೋಳು ಹಿಡಿದೆಳೆದಳು.

‘ನಾನು ಹೇಳ್ತೀನಿ. ನೀನು ದನಿ ಕೊಡು. ನನ್ನ ಕೈಯಲ್ಲಿ ಬಂದಷ್ಟೇ ಹೇಳು.’

ಇಬ್ಬರೂ ಮುಂದೆ ಹೋಗಿ ನಿಂತರು. ಹುಡುಗಿಯ ಕೈಗಳು ಎದ್ದವು, ತಾಯಿ ಅವಕ್ಕೆ ಮಾತು ಜೋಡಿಸಿದಳು.

“ಎಲ್ಲರಿಗೂ ನಮಸ್ಕಾರ. ನಾನು ಇವತ್ತು ಒಂದು ವಿಜ್ಞಾನದ ಪಾಠ ಹೇಳ್ತೀನಿ. ಎಚ್ಚರಿಕೆಯಿಂದ ಕೇಳಿ. ಇದು ಆಮ್ಲ, ಚರ್ಮಕ್ಕೆ ತಾಗಿದ್ರೆ ಸುಡುತ್ತೆ. ಇದು ನೀರು. ಆಮ್ಲದ ಪಾತ್ರೆಗೆ ನೀರು ಸುರಿಯ—”

ಹುಡುಗಿಯ ಕೈ ಗಾಳಿಯಲ್ಲಿ ನಿಂತಿತು. ಮುಖವೂ ನಿಂತಿತು, ರೆಪ್ಪೆ ಕೂಡ ಅಲುಗಲಿಲ್ಲ. ತಾಯಿಯ ಮಾತು ಬಾಯಲ್ಲೇ ತುಂಡಾಯಿತು.

ಸಭಾಂಗಣ ಕಾಯಿತು. ಯಾರೋ ಕೆಮ್ಮಿದರು. ಹಿಂದಿನ ಸಾಲಿನಲ್ಲಿ ಒಂದಿಬ್ಬರು ನಕ್ಕರು. ಹುಡುಗಿ ಅಲುಗಲಿಲ್ಲ.

“ಸುರಿಯಬೇಕಾ, ಬಾರದಾ?” ಎಂದ ಒಬ್ಬ.

“ಮಾತು ಮುಗಿಸಿ ತಾಯಿ, ಏನಿದು ಹುಡುಗಾಟ?” ಎಂದರು ಮುಂದಿನ ಸಾಲಿನ ಹಿರಿಯರು, ಸಿಡುಕಿನಿಂದ.

“ನಾನೇನು ಮುಗಿಸಲಿ?” ಎಂದಳು ತಾಯಿ. ಮಗಳು ಏನು ಮಾಡುತ್ತಿದ್ದಾಳೆಂದು ಆಗಷ್ಟೇ ಅವಳಿಗೆ ಹೊಳೆದಿತ್ತು. “ಕೈ ನಿಂತಿದೆ. ಕೈ ನಿಂತ ಮೇಲೆ ನನ್ನ ಬಾಯಿಗೆ ಮಾತು ಎಲ್ಲಿಂದ ಬರುತ್ತೆ?”

ಗೊಣಗಾಟ ಹೆಚ್ಚಿತು. ಹಿರಿಯರು ಕುರ್ಚಿಯಿಂದ ಅರ್ಧ ಎದ್ದರು. ಆಗ ಹುಡುಗಿಯ ಕೈ ತಟ್ಟನೆ ಮತ್ತೆ ಚಲಿಸಿತು.

“ಆಮೇಲೆ ಪಾತ್ರೆಯನ್ನು ಚೆನ್ನಾಗಿ ತೊಳೆದಿಡಿ. ಪಾಠ ಮುಗಿಯಿತು” ಎಂದಳು ತಾಯಿ, ಕೈ ಹೇಳಿದಂತೆಯೇ.

“ಮಧ್ಯದ್ದೇನಾಯ್ತು?” ಎಂದು ಮೂರ್ನಾಲ್ಕು ದನಿಗಳು ಒಟ್ಟಿಗೆ ಎದ್ದವು.

“ಸುರಿಯಬಾರದು.”

ಹೇಳಿದವನು ತಮ್ಮ. ಗೋಡೆಯ ಚಿತ್ರದ ಪಕ್ಕದಲ್ಲಿ, ತನ್ನದೇ ವೃತ್ತ ಗೆರೆಗಳು ಅಂಗಿಯ ಮೇಲೆ ಬಿದ್ದಿದ್ದರೂ ಸರಿಯದೆ ನಿಂತಿದ್ದ. “ಸುರಿಯಬಾರದು ಅಂತ ಇರಬೇಕಿತ್ತು. ಕೊನೆಯ ಸನ್ನೆ ಬಿಟ್ಟುಹೋಗಿದೆ.”

ಅಕ್ಕ ಅವನ ಕಡೆ ತಿರುಗಿದಳು. “ಅವಳು ಪರೀಕ್ಷೇಲಿ ಸುರಿಯಬೇಕು ಅಂತ ಬರೆದಳು. ಯಾಕಂದ್ರೆ ಅವಳಿಗೆ ಬಂದದ್ದು ಅಷ್ಟೇ. ಹಾಳೆ ಮೇಲೆ ಬರೆದದ್ದಕ್ಕೆ ಕೆಂಪು ಶಾಯಿ ಬಿತ್ತು. ಪ್ರಯೋಗಶಾಲೇಲಿ ಮಾಡಿದ್ದಿದ್ರೆ ಇವತ್ತು ನಿಮ್ಮೆದುರು ಮಾತಾಡೋಕೆ ಅವಳಿಗೆ ಕೈ ಇರ್ತಿರಲಿಲ್ಲ.” ಆಮೇಲೆ ಜನರತ್ತ ನೋಡಿ ಹೇಳಿದಳು, “ನೀವು ಒಂದು ವಾಕ್ಯಕ್ಕೆ ಇಷ್ಟು ರೇಗಿದ್ರಿ. ಅವಳು ದಿನಾ ಸಂಜೆ ಹೀಗೇ ಕೂತಿರ್ತಾಳೆ.”

ಮಸೆದಿಟ್ಟುಕೊಂಡ ಮಾತುಗಳಲ್ಲಿ ಒಂದೂ ಬೇಕಾಗಲಿಲ್ಲ.

ಪಾಠಗಳಿಗೆ ಪೆಟ್ಟಿಗೆಯಲ್ಲಿ ಕಾಯಂ ಜಾಗ ಕೊಡಬೇಕೆಂದು ಕಾರ್ಯದರ್ಶಿಯಮ್ಮ ಕೇಳಿದಾಗ ಕೈಗಳು ಎದ್ದವು. ತಮ್ಮ ಹೆದರಿದಂತೆಯೇ ವ್ಯಾಯಾಮದ ಗುಂಪಿನವನೊಬ್ಬ ನಮ್ಮ ವಿಡಿಯೋಗಳಿಗೂ ಜಾಗ ಕೊಡಿ ಎಂದ. “ನಿಮ್ಮ ವ್ಯಾಯಾಮ ನಡುವೆ ನಿಂತ್ರೆ ನಿಮಗೆ ಸ್ವಲ್ಪ ವಿಶ್ರಾಂತಿ ಸಿಗುತ್ತೆ, ಅಷ್ಟೇ. ಕೂತ್ಕೊಳ್ಳಿ” ಎಂದರು ಕಾರ್ಯದರ್ಶಿಯಮ್ಮ. ಅವನು ಕುಳಿತ. ಇಷ್ಟು ದಿನ ತಮ್ಮ ಹೆದರಿ ಕುಳಿತಿದ್ದದ್ದು ಇಷ್ಟಕ್ಕೆ.

ಆ ವಾರವೇ ಪಾಠಗಳು ಪೆಟ್ಟಿಗೆಗೆ ಬಂದವು. ಗಿರಗಿಟ್ಲೆ ಸಂಜೆ ಟೀವಿಯ ಮುಂದೆ ಕುಳಿತರೆ ಮೇಷ್ಟ್ರ ಕೈ ಒಮ್ಮೆಯೂ ನಿಲ್ಲುತ್ತಿರಲಿಲ್ಲ. ತಾಯಿ ಅಂಗಡಿ ಮುಚ್ಚಿ ಬಂದು, ಹಿಂದೆ ನಿಂತು ನೋಡಿ, ಮೊದಲ ಬಾರಿಗೆ ಸಮಾಧಾನದ ಉಸಿರು ಬಿಟ್ಟಳು.

ಆ ಸಮಾಧಾನ ಹೆಚ್ಚು ದಿನ ಬಾಳಲಿಲ್ಲ. ಒಂದು ದಿನ ಗಿರಗಿಟ್ಲೆ ಅಂಗಡಿಗೆ ಬಿರುಗಾಳಿಯಂತೆ ನುಗ್ಗಿದಳು. ರೈಲು ಹಳಿಯ ಆಚೆಯ ಬಡಾವಣೆಯಲ್ಲಿ ಅವಳ ಹಳೆಯ ಶಾಲೆಯ ಗೆಳತಿಯಿದ್ದಳು, ಅವಳಿಗೂ ಕಿವಿ ಕೇಳಿಸದು. ಅಲ್ಲಿ ಪಾಠ ಇನ್ನೂ ಮೊದಲಿನಂತೆಯೇ ನಿಲ್ಲುತ್ತಿತ್ತು.

‘ನಮ್ಮ ಪೆಟ್ಟಿಗೆ ಮಾತ್ರ ಸರಿಯಾಯ್ತಾ?’ ಎಂದು ಕೇಳಿದವು ಅವಳ ಕೈಗಳು, ಒಂದಕ್ಕೊಂದು ಬಡಿಯುವಷ್ಟು ರಭಸದಲ್ಲಿ. ‘ನನಗೆ ಮಾತ್ರಾನಾ?’

ತಾಯಿ ಅದನ್ನು ಯೋಚಿಸಿರಲೇ ಇಲ್ಲ. ಕೂಡಲೇ ತಮ್ಮನಿಗೆ ಫೋನ್ ಮಾಡಿದಳು.

“ಉಳಿದ ಬಡಾವಣೆ ಕಥೆ ಏನು?”

“ಅದು ಅವರವರ ಸಂಘ ತೀರ್ಮಾನ ಮಾಡಬೇಕು ಅಕ್ಕ. ಅವರು ಕೇಳಿದ್ರೆ ಮಾಡಿಕೊಡ್ತೀನಿ.”

“ಅಂದ್ರೆ ನಿನ್ನ ಅಕ್ಕನ ಮಗಳಿಗೆ ಮಾತ್ರ ಆಯ್ತು. ಜನ ಏನು ಆಡಿಕೊಳ್ತಾರೆ ಅಂತ ಹೆದರ್ತಿದ್ದೆಯೋ ಅದನ್ನೇ ಮಾಡಿ ಕೂತಿದ್ದೀಯಲ್ಲೋ.”

ಅವನು, “ಅವರ ಸಭೆ ಯಾವತ್ತು ಅಂತ ವಿಚಾರಿಸ್ತೀನಿ” ಎಂದ.

ಹಳಿಯಾಚೆಯ ಸಂಘದವರು ಒಂದು ಹಳೆಯ ಗೋದಾಮಿನಲ್ಲಿ ಸೇರುತ್ತಿದ್ದರು. ಸಭೆಯ ದಿನ ಅಕ್ಕ, ತಮ್ಮ, ಗಿರಗಿಟ್ಲೆ ಮೂವರೂ ಅಲ್ಲಿಗೆ ಹೋದರು. ಅಲ್ಲಿನ ಅಧ್ಯಕ್ಷ ಅಕ್ಕನ ಮಾತು ಪೂರ್ತಿ ಕೇಳುವ ಮೊದಲೇ ಗಡಿಯಾರ ನೋಡಿ, “ಒಂದು ಮಗುಗೋಸ್ಕರ ನಿಯಮ ಬದಲಾಯಿಸೋಕಾಗಲ್ಲ. ನಿಯಮ ಮಾಡಿದವರೇ ಇಲ್ಲಿದ್ದಾರೆ, ಬೇಕಾದ್ರೆ ಕೇಳಿ” ಎಂದ.

ಅಕ್ಕನ ಕಿವಿ ಕೆಂಪಾಯಿತು. ಆದರೆ ಅವಳಿಗಿಂತ ಮೊದಲು ತಮ್ಮ ಎದ್ದ.

“ಆ ನಿಯಮ ತಪ್ಪು” ಎಂದ. “ಎಷ್ಟು ಜನ ನೋಡ್ತಾರೆ ಅಂತ ಮಾತ್ರ ಲೆಕ್ಕ ಹಾಕಿದೆ. ಬೇರೆ ದಾರಿ ಇಲ್ಲದವರು ಯಾರು ಅಂತ ಕೇಳಲೇ ಇಲ್ಲ. ತಪ್ಪು ಅಂತ ಗೊತ್ತಾದ ಮೇಲೂ ನನ್ನ ಹೆಸರು ಉಳಿಸ್ಕೊಳ್ಳೋಕೆ ಸುಮ್ಮನಿದ್ದೆ. ನಿಮ್ಮ ಪೆಟ್ಟಿಗೇಲಿ ಈ ಪಾಠಗಳು ಹಿಡಿಯೋ ಜಾಗ ಒಂದು ಧಾರಾವಾಹಿಯಷ್ಟೂ ಇಲ್ಲ. ನನ್ನ ಹೆಸರು ಹೇಳಿ ಆ ಮಕ್ಕಳಿಗೆ ಇಲ್ಲ ಅನ್ನಬೇಡಿ.”

ಮಾತಾಡುತ್ತಲೇ, ಮುಂದಿನ ಸಾಲಿನಲ್ಲಿದ್ದ ಗಿರಗಿಟ್ಲೆಗೂ ಅವಳ ಗೆಳತಿಗೂ ತಿಳಿಯಲೆಂದು ಕೈಯಲ್ಲೂ ಹೇಳಲು ಹೊರಟಿದ್ದ. ಸಿಟ್ಟಿನ ಭರದಲ್ಲಿ ಸನ್ನೆಗಳು ಕಲಸಿಹೋಗಿ, ‘ತಪ್ಪು’ ಎನ್ನುವ ಕಡೆ ಬೇರೇನೋ ಆಗಿಬಿಟ್ಟಿತು. ಗೆಳತಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಗಿರಗಿಟ್ಲೆ ನಗಲಿಲ್ಲ. ಎದ್ದು ಹೋಗಿ, ಮುಖ ಗಂಟಿಕ್ಕಿಕೊಂಡೇ ಅವನ ಮಣಿಕಟ್ಟು ಹಿಡಿದು, ಬೆರಳುಗಳನ್ನು ಒಂದೊಂದಾಗಿ ಮಡಿಸಿ ಸರಿಪಡಿಸಿದಳು. ಹೀಗೆ, ಎಂದು ತೋರಿಸಿದಳು. ಅವನು ಮತ್ತೆ ಮಾಡಿದ. ಇನ್ನೂ ಸರಿಯಿಲ್ಲ, ಇನ್ನೊಮ್ಮೆ, ಎಂದಳು. ಎಷ್ಟೋ ವಾರಗಳ ಮೇಲೆ ಅವಳು ಮಾಮನಿಗೆ ಹೇಳಿದ ಮೊದಲ ಮಾತು ಅದು.

ಅಧ್ಯಕ್ಷ ಮುಂದಿನ ಸಭೆಯಲ್ಲಿ ನೋಡೋಣ ಎಂದ. “ಇವತ್ತೇ ನೋಡಿ, ನಮಗೇನೂ ಅವಸರ ಇಲ್ಲ” ಎಂದು ಅಕ್ಕ ಕುರ್ಚಿಯನ್ನು ಬಾಗಿಲಿನ ಹತ್ತಿರಕ್ಕೆ ಎಳೆದು ಕುಳಿತಳು. ತಮ್ಮನೂ ತನ್ನ ಕುರ್ಚಿ ಎಳೆದುಕೊಂಡು ಬಂದು ಅವಳ ಪಕ್ಕದಲ್ಲಿ ಕುಳಿತ. ಅವನ ಮೇಲಿನ ಅವಳ ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ, ಇಳಿಸಿಕೊಳ್ಳುವ ಮನಸ್ಸೂ ಸದ್ಯಕ್ಕೆ ಅವಳಿಗಿರಲಿಲ್ಲ. ಅಧ್ಯಕ್ಷ ಮತ್ತೊಮ್ಮೆ ಗಡಿಯಾರ ನೋಡಿದ, ಬಾಗಿಲ ಕಡೆ ನೋಡಿದ, ಕೊನೆಗೆ ನಿಟ್ಟುಸಿರಿಟ್ಟು, ಯಾರ್‍ಯಾರು ಒಪ್ಪುತ್ತೀರಿ ಕೈ ಎತ್ತಿ ಎಂದ.